ಕೆಫೆನಾಲ್: ಕಾಫಿಯಲ್ಲಿ ತೊಳೆದ ರೋಲು

"ರೋಲ್ ತೊಳ್ಯಾಕ ಕೊಟ್ಟೇನ್ರಿ" ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಸ್ಟುಡಿಯೋಗಳಲ್ಲಿ ಈಗ ಅಪರೂಪ. ಕ್ಯಾಮೆರಾದ ಕಪ್ಪು-ಬಿಳುಪು ಫಿಲ್ಮ್ ರೋಲನ್ನು ಬಚ್ಚಲಲ್ಲಿ ತಾವೇ ತೊಳೆದುಕೊಳ್ಳುವ ನಮ್ಮಂಥ ಹುಚ್ಚರ ಬಾಯಲ್ಲಿರುವ ಪದ ಕೆಫೆನಾಲ್. ಅಂದರೆ ಇನ್‌ಸ್ಟಂಟ್ ಕಾಫಿಪುಡಿ, ಅರಿಬಿ ಒಗೆಯುವ ಸೋಡಾ, ವಿಟಮಿನ್ ಸಿ ಕಲಸಿದ ಡೆವಲಪರ್, ಫಿಲ್ಮಿನಲ್ಲಿ ಅಡಗಿದ ಚಿತ್ರವನ್ನು ಮೂಡಿಸುವ ದ್ರಾವಣ. 1995ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ಕಾಫಿ-ಸೋಡಾದಲ್ಲಿ ಫಿಲ್ಮ್ ತೊಳೆದು ತೋರಿಸಿದರು. ವಿಟಮಿನ್ ಸಿ ಆಮೇಲೆ ಸೇರಿದ್ದು.

ಹೆಸರು ಕೇಳಿದರೆ ಕೆಫೀನ್ ನೆನಪಾಗುತ್ತದೆ. ಅದಕ್ಕಿಲ್ಲಿ ಏನೂ ಕೆಲಸವಿಲ್ಲ. ದುಡಿಯುವುದು ಕಾಫಿಯಲ್ಲಿರುವ ಕೆಫೀಕ್ ಆಮ್ಲ, ಫೀನಾಲ್ ಜಾತಿಯದು. ಫಿಲ್ಮಿನಲ್ಲಿ ಬೆಳಕು ತಾಗಿದ ಸಿಲ್ವರ್ ಬ್ರೋಮೈಡ್ ಕಣಕ್ಕೆ ಅದು ಎಲೆಕ್ಟ್ರಾನ್ ಕೊಟ್ಟು ಬೆಳ್ಳಿ ಮಾಡುತ್ತದೆ. ನೆಗೆಟಿವ್‌ನಲ್ಲಿ ಕಪ್ಪಾಗಿ ಕಾಣುವುದು ಆ ಬೆಳ್ಳಿಯೇ. ಕ್ಷಾರ ಸಾಲದಿದ್ದರೆ ಮಾತ್ರ ಆಮ್ಲ ಕೈಕಟ್ಟಿ ಕೂರುತ್ತದೆ, ಅದಕ್ಕೇ ಸೋಡಾ. ವಿಟಮಿನ್ ಸಿಯಿಂದ ಕೆಲಸ ಚುರುಕಾಗುತ್ತದೆ, ಕಾಫಿಯ ಕಂದು ಕಲೆಯೂ ಕಡಿಮೆ.

ಹೆಚ್ಚಿನವರು ಹಿಡಿಯುವ ಅಳತೆ ಹೀಗೆ: ಲೀಟರ್ ನೀರಿಗೆ ಒಣ ಸೋಡಾ 54 ಗ್ರಾಂ, ವಿಟಮಿನ್ ಸಿ 16, ಕಾಫಿ 40, 20 ಡಿಗ್ರಿಯಲ್ಲಿ 15 ನಿಮಿಷ. ನಮ್ಮ ಏಪ್ರಿಲ್ ಬಿಸಿಲಿಗೆ ಬರ್ಫದ ಬಕೆಟ್ ಇಲ್ಲದೆ 20 ಡಿಗ್ರಿ ಎಲ್ಲಿಂದ ಬರಬೇಕು? ಹರಳು ಸೋಡಾ ಸಿಕ್ಕರೆ 146 ಗ್ರಾಂ ಬೇಕು, ಆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಚಿಕೋರಿ ಬೆರೆತ ಪುಡಿ ಬೇಡ, ಲೆಕ್ಕ ಕೆಡುತ್ತದೆ. ದುಬಾರಿ ಅರೇಬಿಕಾವೂ ಬೇಡ, ಅಗ್ಗದ ರೊಬಸ್ಟಾನೇ ಮೇಲು. ವಾಸನೆಯ ಬಗ್ಗೆ ನಾನು ಹೇಳುವುದಕ್ಕಿಂತ ಅವ್ವ ಹೇಳಿದ್ದೇ ಸರಿ: "ಏನ್ ನಾತಪಾ ಇದು! ಕಪಾಟಿನ ಹಿಂದ ಇಲಿ ಸತ್ತೈತೇನ ನೋಡು."

ಎಲ್ಲ ಅಡುಗೆಮನೆಯಲ್ಲೇ ಮುಗಿಯುತ್ತದೆ ಎಂಬ ಮಾತು ನಂಬಬೇಡಿ. ಬೆಳಕು ತಾಗದೆ ಉಳಿದ ಸಿಲ್ವರ್ ಬ್ರೋಮೈಡನ್ನು ಕಾಫಿ ತೆಗೆಯಲಾರದು. ಅದಕ್ಕೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕೊಂಡೇ ತರಬೇಕು.

ನನ್ನ ಮೊದಲ ರೋಲು ಕೆಟ್ಟಿದ್ದು ಒಂದು ಪದದಿಂದ. ಕಿರಾಣಿ ಅಂಗಡಿಯಲ್ಲಿ ಬರೀ "ಸೋಡಾ ಕೊಡ್ರಿ" ಅಂದಿದ್ದೆ. ಕಟ್ಟಿಕೊಟ್ಟಿದ್ದು ಮಿರ್ಚಿ ಭಜಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾ, ಅದರ ಕ್ಷಾರ ಈ ಕೆಲಸಕ್ಕೆ ಸಾಲದು. ವಿಟಮಿನ್ ಸಿ ಸುರಿದೊಡನೆ ನೊರೆ ಬುಸ್ಸೆಂದು ಉಕ್ಕಿತು, ಆಗಲೂ ಹೊಳೆಯಲಿಲ್ಲ. ಹೈಪೋದಿಂದ ತೆಗೆದ ಫಿಲ್ಮು ಗಾಜಿನಂತೆ ಬೋಳಾಗಿತ್ತು. ಕ್ಯಾಮೆರಾ ಕೆಟ್ಟಿತೇನೋ ಎಂದು ಅಂಜಿ, ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಫ್ರೇಮಿನ ನಂಬರು, ಕಂಪನಿಯ ಹೆಸರನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚೊತ್ತಿರುತ್ತಾರೆ, ಡೆವಲಪರ್ ಸರಿಯಿದ್ದರೆ ಖಾಲಿ ರೋಲಿನಲ್ಲೂ ಅವು ಮೂಡಬೇಕು. ಒಂದು ಅಂಕಿಯೂ ಇರಲಿಲ್ಲ. ಕ್ಯಾಮೆರಾ ಬಚಾವಾಯಿತು.