ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಬೇಟೆಗಾರನ ಕಸುಬು: ಯಾವ ಬೇಟೆಗೆ ಗಿರಾಕಿ ಇದೆ?

ಬಳ್ಳಾರಿ, ಗಂಗಾವತಿ ಕಡೆಯಿಂದ ಹೊಸದಾಗಿ ಮೈನ್‌ಕ್ರಾಫ್ಟ್ ಆಟದ ಸರ್ವರ್ (ಹಲವರು ಒಟ್ಟಿಗೆ ಆಡುವ ಜಾಗ) ಸೇರಿ, ಬೇಟೆಯಿಂದಲೇ ಗಳಿಸಬೇಕೆಂದಿರುವ ಗೆಳೆಯರಿಗೆ ಈ ಟಿಪ್ಪಣಿ. ಲೆಕ್ಕಗಳು ಆಟದ ಜಾವಾ (ಕಂಪ್ಯೂಟರ್) ಆವೃತ್ತಿಯವು.

ಮೊದಲು ಗಿರಾಕಿಯನ್ನು ನೋಡಿ, ಆಮೇಲೆ ಕತ್ತಿ ಹಿಡಿಯಿರಿ. ಜೋಂಬಿಯ ಕೊಳೆತ ಮಾಂಸ 32 ಕೊಟ್ಟರೆ ಹಳ್ಳಿಯ ಕ್ಲೆರಿಕ್ (ಪೂಜಾರಿ ವ್ಯಾಪಾರಿ) 1 ಎಮರಾಲ್ಡ್ (ಆಟದಲ್ಲಿ ಹಣದಂತೆ ನಡೆಯುವ ಹಸಿರು ಹರಳು) ಕೊಡುತ್ತಾನೆ. ಬೇರೆ ಆಟಗಾರರು ಅದಕ್ಕಿಂತ ಹೆಚ್ಚು ಕೊಡುವುದು ಅಪರೂಪ. ಕ್ರೀಪರ್ ಎಂಬ ಸಿಡಿಯುವ ಜೀವಿಯಿಂದ ಸಿಗುವ ಗನ್‌ಪೌಡರ್ ಹಾಗಲ್ಲ. ಎಲಿಟ್ರಾ ಎಂಬ ರೆಕ್ಕೆಯಲ್ಲಿ ಹಾರುವವರಿಗೆ ರಾಕೆಟ್ ಬೇಕೇ ಬೇಕು. 1 ಕಾಗದ, 1 ಗನ್‌ಪೌಡರ್‌ಗೆ 3 ರಾಕೆಟ್. ಹೆಚ್ಚು ಹೊತ್ತು ಉರಿಯಲೆಂದು 3 ಗನ್‌ಪೌಡರ್ ಹಾಕಿದರೂ ಬರುವುದು 3 ರಾಕೆಟ್ಟೇ. ಒಂದು ಟಿಎನ್‌ಟಿಗೆ (ಸ್ಫೋಟಕಕ್ಕೆ) 5 ಗನ್‌ಪೌಡರ್ ಬೇಕು. ಸುಟ್ಟುಹೋಗುವ ಸರಕು, ಹಾಗಾಗಿ ಕೊಂಡವರೇ ಮತ್ತೆ ಬರುತ್ತಾರೆ.

ಕ್ರೀಪರ್ ಒಂದಕ್ಕೆ 0ರಿಂದ 2 ಗನ್‌ಪೌಡರ್, ಸರಾಸರಿ 1. ಕತ್ತಿಗೆ ಲೂಟಿಂಗ್ 3 (ಬೀಳುವ ಸರಕು ಹೆಚ್ಚಿಸುವ ಎನ್‌ಚಾಂಟ್, ಅಂದರೆ ಮಾಂತ್ರಿಕ ಶಕ್ತಿ) ಇದ್ದರೆ ಸರಾಸರಿ 2.5. ಅಂದರೆ 64ರ ಸ್ಟ್ಯಾಕ್‌ಗೆ 64 ಕ್ರೀಪರ್ ಬದಲು ಸುಮಾರು 26 ಸಾಕು. ವಜ್ರದ ಕತ್ತಿಯ ಬೇರೆ ಯಾವ ಎನ್‌ಚಾಂಟ್‌ಗಿಂತಲೂ ಮೊದಲು ಇದನ್ನೇ ಹಾಕಿಸಿ. ಕ್ರೀಪರ್ ತಾನೇ ಸಿಡಿದರೆ ಗನ್‌ಪೌಡರ್ ಸಿಗುವುದಿಲ್ಲ. ಅದು 3 ಬ್ಲಾಕ್ ಹತ್ತಿರ ಬಂದೊಡನೆ ಬತ್ತಿ ಹೊತ್ತುತ್ತದೆ, 1.5 ಸೆಕೆಂಡಿಗೆ ಸಿಡಿಯುತ್ತದೆ. ಓಡಿಬಂದು ಒಂದೇಟು ಹೊಡೆದು ಹಿಂದೆ ತಳ್ಳಿ, ಹಿಮ್ಮೆಟ್ಟಿ, ಮತ್ತೆ ಹೊಡೆಯಿರಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಪಿಂಗ್ (ಸಂಪರ್ಕದ ವಿಳಂಬ) 300 ಮಿಲಿಸೆಕೆಂಡು ಇದ್ದರೆ ಆ 1.5ರಲ್ಲಿ 0.3 ಸೆಕೆಂಡು ಅಲ್ಲೇ ಹೋಯಿತು. ಅಂಥ ದಿನ ಢಾಲು ಎತ್ತಿಯೇ ಇರಲಿ. ಬೆಕ್ಕನ್ನು ಕರೆದೊಯ್ಯಬೇಡಿ, ಕ್ರೀಪರ್‌ಗಳು ಅದಕ್ಕೆ ಹೆದರಿ ಓಡುತ್ತವೆ.

ಮಾಬ್ (ಬೇಟೆಯಾಡುವ ಇಂಥ ಜೀವಿಗಳು) ಬರುತ್ತಲೇ ಇಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ಕಾಲಕೆಳಗಿನ ಗುಹೆಗಳು. ಮಾಬ್‌ಗಳ ಸಂಖ್ಯೆಗೆ ಮಿತಿಯಿದೆ. ಕತ್ತಲ ಗುಹೆಗಳಲ್ಲೇ ಅದು ತುಂಬಿಬಿಡುತ್ತದೆ. ಸುತ್ತಲಿನ ಗುಹೆಗಳಿಗೆ ಟಾರ್ಚ್ ಹಚ್ಚಿ, ಬೇಟೆಯ ಜಾಗ ಮಾತ್ರ ಕತ್ತಲಿರಲಿ. ನಿಮ್ಮಿಂದ 24 ಬ್ಲಾಕ್ ಒಳಗೆ ಅವು ಹುಟ್ಟುವುದಿಲ್ಲ. ಬಿದ್ದ ಸರಕು 5 ನಿಮಿಷಕ್ಕೆ ಮಾಯ.

ಯಾರಾದರೂ ಕ್ರೀಪರ್ ಫಾರ್ಮ್ (ಅವನ್ನು ತಾನಾಗಿ ಕೊಂದು ಸರಕು ಕೂಡಿಸುವ ಕಟ್ಟಡ) ಕಟ್ಟಿದರೆ, ಸುಗ್ಗಿಯಲ್ಲಿ ಗಂಗಾವತಿ ಮಾರುಕಟ್ಟೆಗೆ ಭತ್ತ ಒಮ್ಮೆಲೇ ಬಂದ ಹಾಗೆ ಗನ್‌ಪೌಡರ್ ದರ ಕುಸಿಯುತ್ತದೆ. ಆಗ ನೆದರ್‌ಗೆ (ಆಟದ ಬೆಂಕಿಯ ಲೋಕಕ್ಕೆ) ಹೋಗಿ, ರಾಡ್ ಬೀಳಿಸುವ ಬ್ಲೇಜ್ ಎಂಬ ಬೆಂಕಿಯ ಜೀವಿಯನ್ನು ಬೇಟೆಯಾಡಿ. ಬ್ಲೇಜ್ ತಾನಾಗಿಯೇ ಸತ್ತರೆ ರಾಡ್ ಬೀಳದು; ಆಟಗಾರನೋ ಅವನು ಸಾಕಿದ ತೋಳವೋ ಕೊಲ್ಲಬೇಕು. ಆದ್ದರಿಂದ ಆಳಿಲ್ಲದ ಫಾರ್ಮ್ ಇಲ್ಲಿ ನಿಮಗೆ ಪೈಪೋಟಿ ಕೊಡಲಾರದು. ಲೂಟಿಂಗ್ 3ರಲ್ಲಿ ಒಂದಕ್ಕೆ ಸರಾಸರಿ 2 ರಾಡ್. ಬೆಂಕಿ ತಡೆಯುವ ಪೋಶನ್ (ಕುಡಿಯುವ ಮದ್ದು) ಮಾಮೂಲಿಯದು 3 ನಿಮಿಷ, ರೆಡ್‌ಸ್ಟೋನ್ ಸೇರಿಸಿದ್ದು 8 ನಿಮಿಷ. ಎರಡನೇ ಬಾಟಲಿ ಹಾಟ್‌ಬಾರ್‌ನಲ್ಲೇ (ತಕ್ಷಣ ಕೈಗೆ ಸಿಗುವ ಸಾಲಿನಲ್ಲೇ) ಇರಲಿ, ಮೊದಲನೆಯದು ಮುಗಿಯುವ ಮುಂಚೆಯೇ ಕುಡಿಯಿರಿ.