ಬೆಳ್ಳಗಾದ ಹವಳ ಸತ್ತಿದೆ ಎನ್ನಬೇಡಿ

ಸಮುದ್ರ ಬಿಸಿಯೇರಿದ ವರ್ಷಗಳಲ್ಲಿ ಡೈವರ್‌ಗಳಿಂದ ನನಗೆ ಫೋಟೊಗಳ ಮೇಲೆ ಫೋಟೊಗಳು ಬರುತ್ತವೆ. ಬೆಳ್ಳಗೆ ಹೊಳೆಯುವ ಹವಳ, ಕೆಳಗೆ ಒಂದೇ ಮಾತು: "ಸತ್ತುಹೋಗಿದೆ." ಎರಡು ತಿಂಗಳು ಬಿಟ್ಟು ಅದೇ ಜಾಗದ ಮತ್ತೊಂದು ಫೋಟೊ: "ಬಣ್ಣ ಮರಳಿದೆ, ಬದುಕಿಕೊಂಡಿತು!" ಎಷ್ಟೋ ಸಲ ಎರಡೂ ತಪ್ಪಾಗಿರುತ್ತವೆ.

ಹವಳಕ್ಕೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವುದು ಅದರ ಮೈಯೊಳಗಿನ ಸೂಕ್ಷ್ಮ ಪಾಚಿ. ನೀರು ವಾರಗಟ್ಟಲೆ ಬಿಸಿಯಾಗಿಯೇ ಉಳಿದರೆ ಹವಳ ಆ ಪಾಚಿಯನ್ನು ಹೊರದಬ್ಬುತ್ತದೆ. ಆಗ ತೆಳು ಮೈಯ ಅಡಿಯಲ್ಲಿ ಸುಣ್ಣದ ಗೂಡು ಕಾಣುತ್ತದೆ. ಇದು ಉಪವಾಸ ಬಿದ್ದ ಜೀವ, ಹೆಣವಲ್ಲ. ನಿಜವಾಗಿ ಸತ್ತರೆ ಮಾಂಸ ಕಳಚಿ ಬರೀ ಸುಣ್ಣ ಉಳಿಯುತ್ತದೆ. ಅದರ ಮೇಲೆ ಬೇಗನೆ ಹೊರಗಿನ ಪಾಚಿ ಹತ್ತಿಕೊಳ್ಳುತ್ತದೆ. ದೂರದಿಂದ ಕಂದು, ಹಸಿರು. ನೀವು ಸಂಭ್ರಮಿಸಿದ "ಬಣ್ಣ" ಅದೇ ಇರಬಹುದು! ಹತ್ತಿರ ಹೋಗಿ ನೋಡಿ, ಆದರೆ ಮುಟ್ಟಬೇಡಿ. ಹವಳದ ಪುಟ್ಟ ಬಾಯಿಗಳು, ಅವುಗಳ ಸುತ್ತ ನುಣುಪಾದ ಮೈ ಕಂಡರೆ ಜೀವವಿದೆ. ನೂಲಿನಂಥ ಪಾಚಿಯ ರೋಮ ಕಂಡರೆ ಆ ಭಾಗ ಹೋಗಿದೆ. ಬಿಳುಪಿಗೆ ಬಿಸಿಯೇ ಕಾರಣ ಎಂದೂ ಹೇಳಲಾಗದು, ಮುಳ್ಳುಕಿರೀಟದ ನಕ್ಷತ್ರಮೀನು ತಿಂದ ಜಾಗವೂ ಬೆಳ್ಳಗಿರುತ್ತದೆ.

"ಸಮುದ್ರದ ಬಿಸಿ ತೋರಿಸುವ ಉಪಗ್ರಹದ ನಕ್ಷೆಯೇ ಇದೆಯಲ್ಲ?" ಎನ್ನುತ್ತಾರೆ. ಇದೆ, ನಾನೂ ದಿನಾ ನೋಡುತ್ತೇನೆ. ಆ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ ನೀರು 1 ಡಿಗ್ರಿ ಅಥವಾ ಹೆಚ್ಚು ಕಾದಿದ್ದನ್ನು ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾ 12 ವಾರಗಳ ಕಾಲ ಕೂಡಿಸುತ್ತದೆ. 1 ಡಿಗ್ರಿ ಹೆಚ್ಚು ಬಿಸಿ ಒಂದು ವಾರ ಇದ್ದರೆ ಅದು ಒಂದು ಡಿಗ್ರಿ-ವಾರ. ಆ ಮೊತ್ತ 4 ಮುಟ್ಟಿದರೆ ಬಿಳಿಚುವಿಕೆಯ ಭಯ, 8 ಮುಟ್ಟಿದರೆ ಸಾವಿನ ಭಯ. ಆದರೆ ಆ ನಕ್ಷೆಯ ಒಂದು ಚೌಕ ಸುಮಾರು 5 ಕಿಲೋಮೀಟರ್ ಅಗಲ, ಅಳೆಯುವುದು ನೀರಿನ ಮೇಲ್ಮೈಯ ಬಿಸಿಯನ್ನು. ಅದು ಎಚ್ಚರಿಕೆ ಕೊಡುತ್ತದೆ, ನಿಮ್ಮ ಹವಳದ ಗತಿ ಹೇಳುವುದಿಲ್ಲ.

ನನ್ನ ಜೊತೆ ಕೆಲಸ ಮಾಡಿದ ಹುಡುಗಿಯೊಬ್ಬಳು ಒಂದು ದುಂಡು ಹವಳದ ಪಕ್ಕ ನಂಬರಿನ ಬಿಲ್ಲೆ ನೆಟ್ಟು, ಏಳು ಸಲ ಅಲ್ಲಿಗೇ ಇಳಿದಳು. ಬಿಸಿಲಿಗೆ ಒಡ್ಡಿದ ನೆತ್ತಿ ಸತ್ತು ಪಾಚಿಗಟ್ಟಿತ್ತು, ನೆರಳಿನ ಬದಿ ಮೆಲ್ಲಗೆ ಕಂದುಗಟ್ಟುತ್ತಿತ್ತು. ಅರ್ಧ ಸಾವು, ಅರ್ಧ ಬದುಕು. ಒಂದೇ ಫೋಟೊದಲ್ಲಿ ಇದು ಎಲ್ಲಿ ಸಿಗಬೇಕು? ನೀರಿನಡಿಯಲ್ಲೇ ಹಲಗೆಯ ಮೇಲೆ ಅವಳು ಬರೆದ ಆ ಬರಹ ಇಂದಿಗೂ ನನಗೆ ಅಚ್ಚುಮೆಚ್ಚು.

ಹಾಗಾಗಿ ದಯವಿಟ್ಟು ಅದೇ ಹವಳಕ್ಕೆ ಮರಳಿ ಹೋಗಿ. ನೀರಿನಡಿ ಕ್ಯಾಮೆರಾಗೆ ಕೆಂಪು ಸರಿಯಾಗಿ ಸಿಗುವುದಿಲ್ಲ. ಬಣ್ಣದ ಕಾರ್ಡನ್ನು ಪಕ್ಕದಲ್ಲಿ ಹಿಡಿದೇ ಫೋಟೊ ತೆಗೆಯಿರಿ. ದಿನಾಂಕ, ಆಳ, ನೀರಿನ ಉಷ್ಣತೆ ಬರೆಯಿರಿ. ತೀರ್ಪು ಬರೆಯುವ ಜಾಗವನ್ನು ಮುಂದಿನ ಭೇಟಿಯವರೆಗೆ ಖಾಲಿ ಬಿಡಿ.