ಮಗನ ಮೊದಲ ಕಾರು: ಹಾಡು ನಿಲ್ಲಿಸಿ, ದೀಪ ಎಣಿಸಿ

ಹೋದ ತಿಂಗಳು ಗುಬ್ಬಿ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಮಗನನ್ನು ಕರೆದುಕೊಂಡು ನನ್ನ ಗ್ಯಾರೇಜಿಗೆ ಬಂದರು. ಹುಡುಗನಿಗೆ 18 ತುಂಬಿ ಎರಡು ತಿಂಗಳು. ತುಮಕೂರಿನಲ್ಲೇ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ದಿನಾ ಓಡಾಡಲು ಒಂದು ಸೆಕೆಂಡ್ ಹ್ಯಾಂಡ್ ಕಾರು ಬೇಕು. ಬ್ರೋಕರ್ ಒಬ್ಬ ಕೆಂಪು ಗಾಡಿ ಕೊಟ್ಟು ಕಳಿಸಿದ್ದ. 'ನೀವೊಂದ್ಸಲ ನೋಡ್ಬಿಡಿ ಸ್ವಾಮಿ. ನೀವು ಹೂಂ ಅಂದ್ರೆ ಅಡ್ವಾನ್ಸ್ ಕೊಡ್ತೀನಿ' ಅಂದರು.

ಗಾಡಿ ಕಣ್ಣಿಗೆ ಚೆನ್ನಾಗಿತ್ತು. ಅಲಾಯ್ ವೀಲ್, ಹೊಸ ಸೀಟ್ ಕವರ್, ದೊಡ್ಡ ಸ್ಕ್ರೀನ್. ಹುಡುಗ ಆಗಲೇ ಹಾಡು ಹಾಕಿಕೊಂಡು ಕೂತಿದ್ದ. ಅವನನ್ನು ಇಳಿಸಿ ನಾನು ಕೂತೆ. ಹಾಡು ನಿಲ್ಲಿಸಿದೆ. ಕೀ ತಿರುಗಿಸಿದೆ, ಆದರೆ ಸ್ಟಾರ್ಟ್ ಮಾಡಲಿಲ್ಲ. ಸುಮ್ನೆ ಮೀಟರ್ ನೋಡುತ್ತಾ ಕೂತೆ. ಇಂಜಿನ್ ದೀಪ ಹೊತ್ತಿತು. ಬ್ಯಾಟರಿ, ಆಯಿಲ್, ಬ್ರೇಕಿನ ಎಬಿಎಸ್ ದೀಪಗಳೂ ಹೊತ್ತಿದವು. ಏರ್‌ಬ್ಯಾಗ್ ದೀಪ ಮಾತ್ರ ಹೊತ್ತಲೇ ಇಲ್ಲ.

ಕೀ ಆನ್ ಮಾಡಿದ ಕೂಡಲೇ ಆ ದೀಪ ಹೊತ್ತಬೇಕು, ಕೆಲವು ಸೆಕೆಂಡಿನಲ್ಲಿ ತಾನೇ ಆರಬೇಕು. ಅಷ್ಟರಲ್ಲಿ ಗಾಡಿ ತನ್ನ ಏರ್‌ಬ್ಯಾಗ್ ಸರಿ ಇದೆಯಾ ಅಂತ ತಾನೇ ಪರೀಕ್ಷೆ ಮಾಡಿಕೊಂಡಿರುತ್ತದೆ. ಹೊತ್ತಿದ ದೀಪ ಆರದಿದ್ದರೆ ಎಲ್ಲೋ ತೊಂದರೆ ಇದೆ. ಹೊತ್ತಲೇ ಇಲ್ಲ ಅಂದರೆ ಅದನ್ನು ಯಾರೋ ಬೇಕಂತಲೇ ಕಿತ್ತಿರುವ ಸಾಧ್ಯತೆ ಜಾಸ್ತಿ. ಏರ್‌ಬ್ಯಾಗ್ ಒಂದೇ ಸಲದ ವಸ್ತು. ಆಕ್ಸಿಡೆಂಟಿನಲ್ಲಿ ಒಮ್ಮೆ ಬಿಚ್ಚಿಕೊಂಡರೆ ಹೊಸದೇ ಹಾಕಬೇಕು. ಬ್ಯಾಗು, ಅದರ ಕಂಟ್ರೋಲ್ ಯೂನಿಟ್, ಸೀಟ್ ಬೆಲ್ಟು ಎಲ್ಲ ಸೇರಿದರೆ ಹತ್ತಾರು ಸಾವಿರ ಆಗುತ್ತದೆ. ಮಾರುವುದಕ್ಕೆಂದೇ ರಿಪೇರಿ ಮಾಡುವವರು ಅಷ್ಟು ಖರ್ಚು ಮಾಡಲ್ಲ. ಮೇಲಿನ ಕವರ್ ಮುಚ್ಚಿ, ದೀಪ ಕಿತ್ತುಬಿಡುತ್ತಾರೆ.

ಇದನ್ನು ನಾನು ಕಲಿತಿದ್ದು ಕಹಿಯಾಗಿ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗನಿಗೆ ಬೆಂಗಳೂರಿನಿಂದ ಒಂದು ಗಾಡಿ ತಂದರು. ಇಂಜಿನ್ ಸದ್ದು ಕೇಳಿ, ಕ್ಲಚ್ ನೋಡಿ, 'ತಗೊಳ್ಳಿ, ಒಳ್ಳೇ ಗಾಡಿ' ಅಂದವನು ನಾನೇ. ಒಂದೂವರೆ ವರ್ಷ ಆದಮೇಲೆ ಹಾರ್ನ್ ಹೊಡೀತಿಲ್ಲ ಮಾವ ಅಂತ ತಂದ. ಸ್ಟೀರಿಂಗ್ ಮೇಲಿನ ಕವರ್ ಬಿಚ್ಚಿದೆ. ಏರ್‌ಬ್ಯಾಗ್ ಇರಬೇಕಾದ ಜಾಗ ಖಾಲಿ. ಎರಡು ವೈರಿನ ನಡುವೆ ಜೋಳದ ಕಾಳಿನಷ್ಟು ದೊಡ್ಡ ರೆಸಿಸ್ಟರ್ ಒಂದನ್ನು ಬೆಸುಗೆ ಹಾಕಿದ್ದರು. ಬ್ಯಾಗು ಇದೆ ಅಂತ ಗಾಡಿಯನ್ನೇ ನಂಬಿಸಿದ್ದರು. ಅದಕ್ಕೇ ದೀಪ ಸರಿಯಾಗಿ ಹೊತ್ತಿ ಆರುತ್ತಿತ್ತು. ಆ ಹುಡುಗ ಅದೇ ಗಾಡಿಯಲ್ಲಿ ದಿನಾ ಹೈವೇ ಹಿಡಿದು ನೆಲಮಂಗಲಕ್ಕೆ ಹೋಗಿ ಬರುತ್ತಿದ್ದ. ಅಕ್ಕನಿಗೆ ಫೋನಿನಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಹಾಗಾಗಿ ದೀಪ ಒಂದನ್ನೇ ನಂಬಬೇಡಿ. ಸ್ಟೀರಿಂಗ್ ನಡುವಿನ ಕವರ್ ಮೇಲೆ ಕೈಯಾಡಿಸಿ. ಬಣ್ಣ ಸುತ್ತಲಿನ ಪ್ಲಾಸ್ಟಿಕ್‌ಗೆ ಹೊಂದುತ್ತದಾ, ಅಕ್ಷರ ಚೊಕ್ಕವಾಗಿದೆಯಾ, ಅಂಚಿನಲ್ಲಿ ಅಂಟಿನ ಗುರುತಿದೆಯಾ ನೋಡಿ. ಪಕ್ಕದ ಸೀಟಿನ ಮುಂದಿನ ಡ್ಯಾಶ್‌ಬೋರ್ಡೂ ಹಾಗೇ. ಆಮೇಲೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಎಲ್ಲರೂ ಅರ್ಧ ಎಳೆದು ಬಿಡುತ್ತಾರೆ. ಆದರೆ ಕಥೆ ಇರೋದು ಕೊನೆಯ ಒಂದಡಿಯಲ್ಲಿ. ಅಲ್ಲಿ ಕೆಸರಿನ ಗೆರೆ ಕಂಡರೆ ಆ ಗಾಡಿ ನೀರಿನಲ್ಲಿ ನಿಂತಿದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಅಂಥ ಗಾಡಿ ತೊಳೆದು ಒರೆಸಿ ಪಕ್ಕದ ಊರಿಗೆ ಬರೋದು ಕಷ್ಟವೇನಲ್ಲ, ಅಲ್ವಾ? ಬೆಲ್ಟಿನ ಬುಡದ ಲೇಬಲ್ ಮೇಲೆ ಬೆಲ್ಟ್ ತಯಾರಾದ ತಾರೀಕು ಇದ್ದರೆ ಓದಿ. ಅದು ಗಾಡಿಗಿಂತ ಎಷ್ಟೋ ಹೊಸದಾಗಿದ್ದರೆ ಯಾಕೆ ಬದಲಾಯಿಸಿದಿರಿ ಅಂತ ಕೇಳಿ. ಕೊನೆಗೆ ಕಂಪನಿ ಸರ್ವೀಸ್ ಸೆಂಟರಿಗೆ ಗಾಡಿ ನಂಬರ್ ಕೊಟ್ಟು ಹಳೇ ಸರ್ವೀಸ್ ದಾಖಲೆ ತೆಗೆಸಿ. ದೊಡ್ಡ ಬಾಡಿ ಕೆಲಸ ಅಲ್ಲಿ ಆಗಿದ್ದರೆ ಗೊತ್ತಾಗುತ್ತದೆ. ಮೀಟರಿನಲ್ಲಿ ಕಿಲೋಮೀಟರ್ ಇಳಿಸಿದ್ದರೂ ಅದರಲ್ಲೇ ಸಿಕ್ಕಿಬೀಳುತ್ತದೆ.

ಯಾವ ಗಾಡಿ ತಗೊಳ್ಳಲಿ ಅಂತ ಕೇಳುವ ಅಪ್ಪಂದಿರಿಗೆ ನಾನು ಮೊದಲು ಹೇಳೋದು ಕಂಪನಿ ಹೆಸರಲ್ಲ, ಒಂದು ತಾರೀಕು. 2019ರ ಜುಲೈ 1ರಿಂದ ತಯಾರಾದ ಎಲ್ಲ ಕಾರಿಗೂ ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಬೀಪ್, ವೇಗ 80 ದಾಟಿದರೆ ಎಚ್ಚರಿಸುವ ಸದ್ದು, ಹಿಂದೆ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಆದವು. ಎಬಿಎಸ್ ಅದೇ ವರ್ಷ ಏಪ್ರಿಲ್‌ನಿಂದ ಕಡ್ಡಾಯ. ಹೊಸದಾಗಿ ಓಡಿಸುವ ಹುಡುಗ ಗಾಬರಿಯಲ್ಲಿ ಬ್ರೇಕ್ ಮೇಲೆ ನಿಂತೇಬಿಡುತ್ತಾನೆ. ಆಗ ಚಕ್ರ ಲಾಕ್ ಆಗದಂತೆ, ಸ್ಟೀರಿಂಗ್ ತಿರುಗಿದ ಕಡೆ ಗಾಡಿಯೂ ತಿರುಗುವಂತೆ ಕಾಪಾಡೋದು ಎಬಿಎಸ್. ಆರ್‌ಸಿಯಲ್ಲಿ ರಿಜಿಸ್ಟ್ರೇಷನ್ ದಿನ ಬೇರೆ, ತಯಾರಾದ ತಿಂಗಳು ಬೇರೆ. ತಯಾರಾದ ತಿಂಗಳು ನೋಡಿ.

ದುಡ್ಡು ಅಷ್ಟು ಇಲ್ಲದಿದ್ದರೆ ಹಳೇ ಗಾಡಿಗಳಲ್ಲೇ ಏರ್‌ಬ್ಯಾಗ್, ಎಬಿಎಸ್ ಎರಡೂ ಇರುವ ಮೇಲಿನ ವೇರಿಯಂಟ್ ಹುಡುಕಿ. ದೊಡ್ಡ ಗಾಡಿಯ ಬೇಸ್ ಮಾಡೆಲ್‌ಗಿಂತ ಚಿಕ್ಕ ಗಾಡಿಯ ಟಾಪ್ ಮಾಡೆಲ್ ವಾಸಿ. ಕಾರಿಗೆ ಡಿಕ್ಕಿ ಹೊಡೆಸಿ ಐದಕ್ಕೆ ಎಷ್ಟು ಸ್ಟಾರ್ ಅಂತ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟಾಟಾ ಟಿಯಾಗೊ 2020ರಲ್ಲಿ ದೊಡ್ಡವರ ರಕ್ಷಣೆಗೆ 4 ಸ್ಟಾರ್ ತಗೊಂಡಿತು. ಎರಡು ಏರ್‌ಬ್ಯಾಗಿನ ಫೋಕ್ಸ್‌ವ್ಯಾಗನ್ ಪೋಲೊ 2014ರಲ್ಲೇ 4 ಸ್ಟಾರ್ ತಗೊಂಡಿತ್ತು. ಪೋಲೊ ಗಟ್ಟಿ ಗಾಡಿ, ಆದರೆ ಸ್ಪೇರ್ ದುಬಾರಿ. ಮಾರುತಿ, ಹ್ಯುಂಡೈ ಸಣ್ಣ ಗಾಡಿಗಳ ಸ್ಪೇರ್ ಮಾತ್ರ ತುಮಕೂರಿನ ಬಿ.ಎಚ್. ರಸ್ತೆಯ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಡೀಸೆಲ್ ಬೇಡ. ಮನೆಗೂ ಕಾಲೇಜಿಗೂ ಐದಾರು ಕಿಲೋಮೀಟರ್ ಓಡುವ ಗಾಡಿಗೆ ಪೆಟ್ರೋಲೇ ಸಾಕು.

ಇನ್ನು ದುಡ್ಡಿನ ಮಾತು. ಕೈಯಲ್ಲಿ ಮೂರು ಲಕ್ಷ ಇದ್ದರೆ ಎರಡೂವರೆ ಲಕ್ಷದ ಗಾಡಿ ನೋಡಿ. ಇದನ್ನು ನಾನು ಹಟ ಮಾಡಿ ಹೇಳುತ್ತೇನೆ. ಪೂರ್ತಿ ದುಡ್ಡು ಗಾಡಿಗೇ ಸುರಿದವರು ಆಮೇಲೆ ಬ್ರೇಕ್ ಪ್ಯಾಡ್ ಹಾಕಿಸಲು ಮುಂದಿನ ಫಸಲು ಬರಲಿ ಅಂತಾರೆ. ಸಣ್ಣ ಕಾರಿಗೆ ನಾಲ್ಕು ಟೈರ್ ಅಂದರೆ ಹದಿನೈದು ಸಾವಿರದ ಆಸುಪಾಸು. ಬ್ಯಾಟರಿ ನಾಲ್ಕೈದು ಸಾವಿರ. ಕ್ಲಚ್ ಇಳಿಸಿದರೆ ಇನ್ನೊಂದು ಏಳೆಂಟು ಸಾವಿರ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3517 ಅಂತಿದ್ದರೆ ಅದು 2017ನೇ ಇಸವಿಯ 35ನೇ ವಾರದ ಟೈರ್. ಗೆರೆ ಎಷ್ಟೇ ಆಳ ಇದ್ದರೂ ಆ ವಯಸ್ಸಿನ ರಬ್ಬರ್ ಗಡುಸಾಗಿರುತ್ತದೆ. ಮಳೆಯಲ್ಲಿ ಹಿಡಿತ ಸಿಗಲ್ಲ. ಹಾಗೇ ಬಿಡಬೇಡಿ, ಬದಲಾಯಿಸಿ.

ಓಡಿಸಿ ನೋಡೋಕೆ ಊರೊಳಗೇ ಬಟವಾಡಿಯಿಂದ ಗುಬ್ಬಿ ಗೇಟ್‌ವರೆಗೆ ಒಂದು ರೌಂಡು ಸಾಲದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ, ನೀವೇ ಸ್ಟಾರ್ಟ್ ಮಾಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಆಮೇಲೆ ದೇವರಾಯನದುರ್ಗದ ಬೆಟ್ಟದ ರಸ್ತೆ ಹತ್ತಿಸಿ. ಏರಿನಲ್ಲಿ ಇಂಜಿನ್ ಕೂಗಿಕೊಂಡರೂ ಗಾಡಿ ಮುಂದೆ ಎಳೆಯದಿದ್ದರೆ ಕ್ಲಚ್ ಹೋಗಿದೆ. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದಾ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದಾ ಗಮನಿಸಿ. ಆ ಒಂದು ಗಂಟೆ ನೂರು ಪ್ರಶ್ನೆಗೆ ಉತ್ತರ ಕೊಡುತ್ತದೆ.

ಕಾಗದದ ವಿಷಯದಲ್ಲಿ ಮೂರು ಮಾತು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಗಾಡಿ ಮೇಲೆ ಸಾಲ ಇದೆ ಅಂತ ಅರ್ಥ. ಆ ಹೆಸರು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ (ನಮ್ಮ ಅಭ್ಯಂತರ ಇಲ್ಲ ಅನ್ನುವ ಪತ್ರ) ಕೈಗೆ ಬರುವವರೆಗೂ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಟ್ಟು ಮರೆಯಬೇಡಿ, ಆರ್‌ಟಿಒಗೆ ಕೊಡಿ. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಇಲ್ಲದಿದ್ದರೆ ನಿಮ್ಮ ಗಾಡಿಗೆ ಪೆಟ್ಟಾದಾಗ ಕ್ಲೇಮ್ ಸಿಗದೆ ಒದ್ದಾಡುತ್ತೀರಿ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ಹಳೇ ಮಾಲೀಕರ ನೋ ಕ್ಲೇಮ್ ಬೋನಸ್, ಅವರದೇ, ಗಾಡಿ ಜೊತೆ ನಿಮಗೆ ಬರಲ್ಲ. ಅದಕ್ಕೆ ತಕ್ಕಂತೆ ಪ್ರೀಮಿಯಂ ಲೆಕ್ಕ ಹಾಕಿಕೊಳ್ಳಿ.

18 ತುಂಬುವ ಮೊದಲೇ ಕಲೀಲಿ ಅಂತ ಕೀ ಕೊಡುವವರಿಗೆ ಒಂದು ಮಾತು. ಕಾರಿನ ಲರ್ನಿಂಗ್ ಲೈಸೆನ್ಸ್ ಸಿಗೋದೇ 18ಕ್ಕೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ 2019ರ ತಿದ್ದುಪಡಿಯಂತೆ ಅಪ್ಪನಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೂ ಲೈಸೆನ್ಸ್ ಇಲ್ಲ.

ಆ ಕೆಂಪು ಗಾಡಿ ಬೇಡ ಅಂದಾಗ ಹುಡುಗನ ಮುಖ ಬಾಡಿತು. ಯಜಮಾನರು ಏನೂ ಹೇಳದೆ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು. ಎರಡು ವಾರ ಬಿಟ್ಟು ಇನ್ನೊಂದು ತಂದರು. ಬೂದು ಬಣ್ಣ, ಸಾದಾ ವೀಲು, ಸ್ಕ್ರೀನ್ ಇಲ್ಲ, 2019ರ ಅಕ್ಟೋಬರ್ ಗಾಡಿ. ಈ ಸಲ ನಾನು ಕೂರುವ ಮೊದಲೇ ಹುಡುಗ ಕೂತು ಕೀ ತಿರುಗಿಸಿದ. 'ಹೊತ್ತಿತು ಅಂಕಲ್' ಅಂದ. ನಾಲ್ಕೈದು ಸೆಕೆಂಡ್ ಬಿಟ್ಟು, 'ಆರಿತು' ಅಂದ. ಆಮೇಲೆ ತಾನೇ ಬೆಲ್ಟನ್ನು ಕೊನೆಯವರೆಗೂ ಎಳೆದು ಬುಡ ನೋಡಿದ. ಕವರ್ ಮೇಲೆ ನಾನೂ ಕೈಯಾಡಿಸಿದೆ, ಗಾಡಿಯೊಳಗಿನ ದೋಷ ಓದುವ ಸ್ಕ್ಯಾನರ್ ಹಾಕಿ ನೋಡಿದೆ. ಟೈರ್ ಮಾತ್ರ ಹಳೆಯವು. ತೆಗೆದಿಟ್ಟ ದುಡ್ಡಿನಲ್ಲಿ ಅವತ್ತೇ ನಾಲ್ಕೂ ಹಾಕಿಸಿಕೊಂಡು ಹೋದರು.